ಗುರುಬಾಯಿಗೆ ಕೊಟ್ಟ ನೆನಪಿನ ಗುಳಿಗೆ

"ನನಗ ಹೆಸರ ಗೊತ್ತಿಲ್ಲದಾಂವ ನರೋಣಾದಾಗ ಹುಟ್ಟೇ ಇಲ್ಲ, ಬರಕೋರಿ!" ಎನ್ನುತ್ತಿದ್ದಳು ಸೂಲಗಿತ್ತಿ ಗುರುಬಾಯಿ. ಹುಡುಗರ ಹುಟ್ಟಿದ ತಾರೀಖು ಕೇಳಲು ಹೆಡ್‌ಮಾಸ್ತರರೇ ಆಕೆಯ ಕಟ್ಟೆಗೆ ಬರುತ್ತಿದ್ದರು. ತಾಲೂಕಿನ ಜನನ ದಫ್ತರ ನಾಚಿ ನೆಲ ನೋಡುತ್ತಿತ್ತು.

ಎಂಬತ್ತಾರನೇ ಇಸವಿಯ ಸಂಕ್ರಾಂತಿಯ ಮರುದಿನ ಆಕೆಗೆ ಲಕ್ವಾ ಹೊಡೆಯಿತು. ಬಲಗೈ ಸೋತಿತು. ಹೆಸರುಗಳೆಲ್ಲ ಹಗ್ಗ ಹರಿದ ಕರುಗಳಂತೆ ಓಡಿಹೋದವು. ಏಳು ತಿಂಗಳ ಬಸುರಿ ಸೊಸೆ ಶಿವಕಾಂತಾಳೂ "ಏ ಇಕಿ" ಆದಳು. ಆದರೂ ಆ ಕೂಸಿನ ಹೆರಿಗೆಗೆ ತಾನೇ ಮುಂದೆ ಕೂರಬೇಕೆಂಬ ಹಟ ಮಾತ್ರ ಹೋಗಿರಲಿಲ್ಲ.

ಮೆಡಿಕಲ್ ಅಂಗಡಿಯ ಕಲ್ಯಾಣಪ್ಪ ಗುರುಬಾಯಿಯ ಮಗ ದೇವಿಂದ್ರಪ್ಪನ ಕೈಗೆ ಗುಳಿಗೆ ಇಟ್ಟ. "ನೆನಪು ತರೋ ಗುಳಿಗಿ ಇದು. ತಿನಿಸಿದ್ರ ಎಮ್ಮಿನೂ ವಚನ ಹೇಳ್ತದ!"

ನಮ್ಮ ಕಡೆ ಲಕ್ವಾ ಆದವರನ್ನು ಮಾತಾಡಿಸಲು ಬಂದವರೆಲ್ಲ ಹಾಸಿಗೆಯ ಮೇಲೆ ಬಗ್ಗಿ ಕೇಳುವುದು ಒಂದೇ: "ನನ್ನ ಗುರ್ತ ಹತ್ತಿತೇನು ಆಯಿ?" ದಿನಕ್ಕೆ ಮುನ್ನೂರು ಜನ, ಬೀದಿನಾಯಿಯೂ ಹೊಸ್ತಿಲಲ್ಲಿ ನಿಂತು ಕೇಳಿತಂತೆ. ಗುರುಬಾಯಿಗೆ ಮುಖವೆಲ್ಲ ಗೊತ್ತು, ಹೆಸರು ನಾಲಿಗೆಗೆ ಬರದು. ಸತ್ತವರನ್ನಾದರೂ ಸುಮ್ಮನೆ ಬಿಡುತ್ತಾರೆ, ಬದುಕಿದ ತಪ್ಪಿಗೆ ತನಗೆ ಪರೀಕ್ಷೆಯೇ? ಸಿಟ್ಟಿನಿಂದ ಗೋಡೆಯ ಕಡೆ ಹೊರಳಿದಳು. ಮಗ ನೆನಪಿಲ್ಲವೆಂದು ತಿಳಿದು ಇನ್ನೊಂದು ಗುಳಿಗೆ ಹಾಕಿದ. ಹದಿನೈದು ದಿನದಲ್ಲಿ ಮುದುಕಿ ಬಾಯಲ್ಲಿ ರೊಟ್ಟಿ ಇಟ್ಟುಕೊಂಡೇ ನಿದ್ದೆಹೋಗತೊಡಗಿದಳು.

"ಹಡಿಯಾಕಿ ನಾನು, ನಿದ್ದಿ ಮಾಡಾಕಿ ಅತ್ತಿ! ಏನ್ ಹಚ್ಚೀರಿ ಇದು?" ಎಂದು ಶಿವಕಾಂತಾ ಗಂಡನ ಮೇಲೆ ಹರಿಹಾಯ್ದು ಅತ್ತೆಯನ್ನು ಗುಲ್ಬರ್ಗಾ ಬಸ್ಸು ಹತ್ತಿಸಿದಳು.

ಅಲ್ಲಿನ ಡಾಕ್ಟರು ಗುಳಿಗೆಯ ಪಟ್ಟಿಯನ್ನು ಮೇಜಿಗೆ ಕುಕ್ಕಿದರು. "ನಿದ್ದಿ ಗುಳಿಗಿ ಇದು! ಲಕ್ವಾ ಆದಮ್ಯಾಲ ನೆನಪು ತರ್ತದಂತ ಖಾತ್ರಿ ಇರೋ ಔಷಧ ನಮ್ಮ ಹತ್ರನೂ ಇಲ್ಲ. ಬಿಪಿ ಗುಳಿಗಿ ಬಿಡಬ್ಯಾಡ್ರಿ. ಈ ನಿದ್ದಿ ಗುಳಿಗಿ ಮಾತ್ರ ನಾ ಹೇಳಿದಂಗ ಕಡಿಮಿ ಮಾಡಿ ನಿಲ್ಲಸ್ರಿ. ಮೊದಲಿನ ನಾಕಾರು ತಿಂಗಳದಾಗ ಮಿದುಳು ತಾನೇ ಒಂದಿಷ್ಟು ಸುಧಾರಿಸ್ತದ. ಪರೀಕ್ಷಾ ಸಾಕು, ಮಾತಾಡಸ್ರಿ, ಕೆಲಸಕ್ಕ ಹಚ್ರಿ."

ನಿದ್ದೆಯ ಗುಳಿಗೆ ನಿಂತಿತು, ಮುದುಕಿ ಎದ್ದು ಕೂತಳು. ಹೆರಿಗೆಯ ದಿನ ನರ್ಸಿನ ಪಕ್ಕ ಕೂತು ಎಡಗೈಯಿಂದ ಸೊಸೆಯ ಬೆನ್ನು ಸವರುತ್ತ "ಏ ಇಕಿ, ಜೋರ ಹಾಕು!" ಎಂದು ಗದರಿದಳು. ಕೂಸು ಆಕೆಯ ಮಡಿಲಿಗೇ ಬಂತು.

ಕೂಸು ನೋಡಲು ಬಂದ ಕಲ್ಯಾಣಪ್ಪ ಮೀಸೆ ತಿರುವಿದ. "ನಮ್ಮ ಗುಳಿಗಿ ಕರಾಮತ್ತು ನೋಡ್ರಿ! ಆಯಿ, ನನ್ನ ಹೆಸರೇನು, ಹೇಳು?"

ಗುರುಬಾಯಿ ದಿಟ್ಟಿಸಿದಳು. "ಹೆಸರ ಬರವಲ್ದು. ಹುಟ್ಟಿದಾಗ ನೀ ನೀಲಿ ಆಗಿದ್ದಿ, ಉಸಿರಿಲ್ಲ. ಗುಳಿಗಿ ಕೊಡಲಿಲ್ಲ ನಾ. ತಲಿಕೆಳಗ ಹಿಡದು ಕುಂಡಿ ಮ್ಯಾಲ ಎರಡು ಕೊಟ್ಟೆ. ಎಡಗೈ ಇನ್ನೂ ಗಟ್ಟಿ ಅದ. ಲೇ, ತಿರುಗಿ ನಿಂದ್ರು!"