ಜರಡಿಯೊಳಗಿನ ಏಡಿಗಳು

ಆ ಭಾನುವಾರವೂ ನನ್ನ ಗಂಡ ಗಂಬೂಟು ತೊಟ್ಟು, ಬಲೆ ಹರಿದು ಬರೀ ಬಳೆಯಾಗಿದ್ದ ಹೋಟೆಲ್ಲಿನ ಹಿಟ್ಟಿನ ಜರಡಿಯನ್ನು ಹಾರದಂತೆ ಕೊರಳಿಗೆ ಹಾಕಿಕೊಂಡು, ಸಮುದ್ರದ ನೀರು ಒಳನುಗ್ಗುವ ಖಾಡಿಗೆ ಹೊರಟಿದ್ದರು. ಬೂಟಿನ ವಾಸನೆಗೆ ಲಿಫ್ಟಿನಲ್ಲಿದ್ದವರು ಮೂಲೆಗೆ ಸರಿದರು. "ಅರ್ಧ ಲಿಫ್ಟೇ ಬಿಟ್ಟುಕೊಟ್ರು, ಎಂಥ ಮರ್ಯಾದೆ ನೋಡು!" ಎಂದು, ಬಾಗಿಲಲ್ಲಿ ನಿಂತಿದ್ದ ನನ್ನತ್ತ ಕಣ್ಣು ಮಿಟುಕಿಸಿದರು.

ರಬಾಳೆಯ ಹೋಟೆಲೊಂದರಲ್ಲಿ ಮೂವತ್ತು ವರ್ಷ ಇಡ್ಲಿ ಬೇಯಿಸಿ ಕೆಲಸ ಬಿಟ್ಟವರು, ಐರೋಲಿಯ ಕೆಸರಿನಲ್ಲಿ ಏಡಿಯ ಬಿಲ ಎಣಿಸಲು ಸೇರಿಕೊಂಡಿದ್ದರು. ಕಲ್ಲುಮಣ್ಣು ಸುರಿದು ಕೆಡಿಸಿದ್ದ ಜಾಗದಲ್ಲಿ ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಕಾಂಡ್ಲಾ ಗಿಡವನ್ನು ಮತ್ತೆ ನೆಟ್ಟಿದ್ದರು. ಗಿಡ ನಿಂತರೆ ಸಾಲದು, ಏಡಿಯೂ ಮರಳಬೇಕು, ಆಗಲೇ ಕಾಡು ಚೇತರಿಸಿಕೊಂಡಂತೆ ಎಂದು ಸಂಶೋಧನೆಯ ಮೇಡಂ ಹೇಳಿದ್ದರು. ಪ್ರತಿ ವರ್ಷ, ಗೂಟ ಹೊಡೆದು ಗುರುತು ಮಾಡಿದ ಅದೇ ಹತ್ತು ಜಾಗಗಳಲ್ಲಿ ಚೌಕಟ್ಟು ಇಟ್ಟು, ಒಳಗಿನ ಬಿಲ ಎಣಿಸಬೇಕು.

ಮೇಡಂ ಕೊಟ್ಟ ಪೈಪಿನ ಚೌಕಟ್ಟಿನ ಮೇಲೆ ನನ್ನ ಸೀರೆ ಒಣಗುತ್ತಿತ್ತು. ಇವರು ಎರಡು ವರ್ಷ ಎಣಿಸಿದ್ದು ಜರಡಿಯಲ್ಲಿ. ಗೊತ್ತಾದ ದಿನ ಮೇಡಂ ತಲೆ ಹಿಡಿದುಕೊಂಡರು.

"ಕಾಕಾ, ಯೇ ತೋ ಗೋಲ್ ಹೈ!"

"ತೋ ಕ್ಯಾ ಹುವಾ? ಕೇಕಡೇ ಕೋ ಕೋನಾ ಮಾಲೂಮ್ ಹೈ ಕ್ಯಾ?" ದುಂಡಗಿದ್ದರೇನಂತೆ, ಏಡಿಗೆ ಮೂಲೆ ಗೊತ್ತಾ ಎಂದು ಇವರ ವಾದ.

ಅಲ್ಲಿಯವರೆಗಿನ ಲೆಕ್ಕವೆಲ್ಲ ಸೊನ್ನೆಯೇ ಆಗಿದ್ದರಿಂದ ತಿದ್ದಲು ಏನೂ ಇರಲಿಲ್ಲ. ಮೇಡಂ ಜರಡಿಯ ಅಗಲ ಬರೆದುಕೊಂಡು, ಇನ್ನು ಮುಂದೆಯೂ ಅದರಲ್ಲೇ ಎಣಿಸಿ ಎಂದರು. ಚೌಕಟ್ಟು ನನಗೆ ಉಳಿಯಿತು.

ಗಿಡ ನೆಡಿಸಿದವರ ಕಡೆಯ ಸಾಹೇಬರೊಬ್ಬರು ಒಂದೆರಡು ಏಡಿಯಾದರೂ ಬರೆಯಿರಿ ಎಂದಾಗ, ಇವರು ಮನೆಗೆ ಬಂದು ನನ್ನೆದುರು ಹಾರಾಡಿದರು. "ಬೇಯದ ಇಡ್ಲಿಗೆ ಬೆಂದಿದೆ ಅಂತ ಬೋರ್ಡು ಹಾಕ್ಲಿಕ್ಕೆ ಆಗ್ತದಾ? ಸೊನ್ನೆ ಅಂದ್ರೆ ಸೊನ್ನೆ!"

ಮೂರನೆಯ ವರ್ಷ ಹತ್ತನೆಯ ಜಾಗದಲ್ಲಿ ಮೊದಲ ಮೂರು ಬಿಲ ಕಂಡವು. ಜಿಲೇಬಿ ತಂದರು. ಏಡಿ ಮುಟ್ಟದ ಮನೆಯಲ್ಲಿ ಏಡಿಯ ಹಬ್ಬ!

"ತಿನ್ನುವವ ಎಣಿಸಿದ್ರೆ ಬಾಯಲ್ಲಿ ನೀರು ಬಂದು ಲೆಕ್ಕ ತಪ್ತದೆ ಮಾರಾಯ್ತಿ, ನಮ್ಮಂಥವರೇ ಸರಿ. ಹತ್ತೂ ಕಡೆ ಏಡಿ ಬಂದ ದಿನ ಈ ಬೂಟು ಬಿಸಾಡ್ತೇನೆ."

ಆ ಹತ್ತನೆಯ ಜಾಗದ ಗೂಟವನ್ನು ಉಬ್ಬರದ ನೀರು ಕೊಂಡುಹೋಗಿತ್ತು. ಆ ಭಾನುವಾರ ಲಿಫ್ಟಿನ ಬಾಗಿಲು ಮುಚ್ಚುವಾಗ ಕೂಗಿ ಹೇಳಿದೆ: "ಇವತ್ತಾದ್ರೂ ಗೂಟ ಹೊಡೆದು ಬನ್ನಿ."

"ಗೂಟ ಯಾಕೆ? ನಾನಿಲ್ವಾ?"

ಮರುದಿನ ಬೆಳಿಗ್ಗೆ ಅವರು ಏಳಲಿಲ್ಲ.

ಈ ವರ್ಷ ಅವರ ಬೂಟಿನ ತುದಿಗೆ ಬಟ್ಟೆ ತುರುಕಿ, ಜರಡಿ ಹಿಡಿದು ನಾನೇ ಮೇಡಂ ಜೊತೆ ಹೋದೆ. ಒಂಬತ್ತು ಗೂಟಗಳ ಬಳಿಯೂ ಬಿಲಗಳಿದ್ದವು. ಒಂದು ಏಡಿಯಂತೂ ಕೆಂಪು ಕೈ ಎತ್ತಿ ನನ್ನನ್ನೇ ಗದರಿಸಿತು. ಮೇಡಂ ಮೊಬೈಲಿನ ನಕ್ಷೆ ಹತ್ತನೆಯ ಜಾಗವನ್ನು ಒಮ್ಮೆ ಇಲ್ಲಿ, ಒಮ್ಮೆ ಹತ್ತು ಹೆಜ್ಜೆ ಆಚೆ ತೋರಿಸಿತು. ಮೂರು ದಿನ ಇಳಿತದ ಹೊತ್ತಿಗೆ ಹೋಗಿ ಹುಡುಕಿದೆವು.

ಬೂಟು ಗ್ರಿಲ್ಲಿನಲ್ಲಿ ಒಣಗುತ್ತಿದೆ. ಹತ್ತನೆಯ ಜಾಗ ಇನ್ನೂ ಸಿಕ್ಕಿಲ್ಲ.