ಬಸ್ ಸ್ಟ್ಯಾಂಡ್ ಎದುರಿನ ಮೂರನೇ ಮಹಡಿ

ರಾಯಚೂರು ಬಸ್ ಸ್ಟ್ಯಾಂಡಿನಿಂದ ಹೊರಗೆ ಬರುವಾಗ ಈಗ ನಾನು ಮುಂದಿನ ಗೇಟು ಬಿಟ್ಟು ಹಿಂದಿನ ಸಂದಿಯಿಂದ ಹೋಗುತ್ತೇನೆ. ಆ ಸಂದಿಯಲ್ಲಿ ಮೂಗು ಮುಚ್ಚಿಕೊಂಡೇ ನಡೆಯಬೇಕು. ಆದರೂ ವಾಸಿ, ಎದುರಿನ ಮಾಲ್ ಕಣ್ಣಿಗೆ ಬೀಳುವುದಿಲ್ಲ. ಆ ಮಾಲ್‌ನ ಮೂರನೇ ಮಹಡಿಯಲ್ಲಿ ಶಾಲೆ ನಡೆಸಲು ಅನುಮತಿ ಬೇಕೆಂದು ವರ್ಷವಿಡೀ ಚಪ್ಪಲಿ ಸವೆಸಿದವಳು ನಾನು. ಅನುಮತಿ ಸಿಕ್ಕಿತು. ಅಲ್ಲಿ ಪಾಠವೂ ನಡೆಯುತ್ತಿದೆ. ನಮ್ಮ ಮಕ್ಕಳು ಮಾತ್ರ ಅಲ್ಲಿಲ್ಲ.

ನಮ್ಮದು ಊರಿನ ಉಳಿದ ಶಾಲೆಗಳಂಥದ್ದಲ್ಲ. ಓದು ಬಿಟ್ಟು ಹತ್ತಿ ಬಿಡಿಸಲು, ಮೆಣಸಿನಕಾಯಿ ಬಿಡಿಸಲು ಹೋದ ಹೆಣ್ಣುಮಕ್ಕಳನ್ನು ಮತ್ತೆ ಕರೆತಂದು, ಅವರು ನಿಲ್ಲಿಸಿದ ಕಡೆಯಿಂದಲೇ ಶುರು ಮಾಡಿಸಿ, ಹತ್ತನೇ ತರಗತಿಯ ಪರೀಕ್ಷೆಗೆ ಖಾಸಗಿಯಾಗಿ ಕೂರಿಸುತ್ತೇವೆ. ಇಷ್ಟು ವಯಸ್ಸಿಗೆ ಇಷ್ಟನೇ ತರಗತಿ ಎಂಬ ಲೆಕ್ಕ ನಮ್ಮಲ್ಲಿಲ್ಲ. ಮೈನೆರೆದ ಹುಡುಗಿ ಕಾಗುಣಿತ ಬರೆದರೆ ಯಾರೂ ನಗುವುದಿಲ್ಲ. ನಕ್ಕರೆ ನನ್ನ ಬಾಯಿ ಎಂಥದ್ದೆಂದು ಎಲ್ಲರಿಗೂ ಗೊತ್ತು.

ಇದನ್ನು ಶುರು ಮಾಡಿದ್ದು ನಾನು ಮತ್ತು ನನ್ನ ಗೆಳತಿ. ಬಿ.ಎಡ್. ಓದುವಾಗ ಒಂದೇ ಬೆಂಚು ನಮ್ಮದು. ಆಕೆ ರಾಯಚೂರಿನ ವ್ಯಾಪಾರಸ್ಥರ ಮನೆಯ ಮಗಳು, ನಾನು ಮಾನ್ವಿಯಲ್ಲಿ ಕಂಡವರ ಗದ್ದೆಯ ಕಳೆ ಕಿತ್ತ ಅವ್ವನ ಮಗಳು. ನಮ್ಮ ಓಣಿಯಿಂದ ಅಂಥ ಮನೆಯ ಅಡುಗೆಮನೆಯ ತನಕ ಹೋಗಿ ಕೂತು ಉಂಡವಳು ನಾನೊಬ್ಬಳೇ. ಆ ಹೆಮ್ಮೆಯಲ್ಲಿ ಬಹಳ ವರ್ಷ ಮೆರೆದೆ. ನನ್ನ ಅವ್ವ ಮಾತ್ರ ಪ್ರತಿ ಸಲ ಒಂದೇ ಮಾತು ಹೇಳುತ್ತಿದ್ದಳು: "ಉಂಡು ಬಾ, ಬ್ಯಾಡ ಅನ್ನಂಗಿಲ್ಲ. ಆದ್ರ ತಾಟು ನೀನ ಬೆಳಗಿಟ್ಟು ಬಾ." ಗೆಳತಿ ಒಮ್ಮೆಯೂ ನನಗೆ ತಟ್ಟೆ ತೊಳೆಯಲು ಬಿಡಲಿಲ್ಲ. ಅದನ್ನೂ ಇಲ್ಲಿ ಹೇಳಬೇಕು, ಇಲ್ಲದಿದ್ದರೆ ನ್ಯಾಯವಲ್ಲ.

ಮೊದಲು ನಮ್ಮ ಶಾಲೆ ಇದ್ದದ್ದು ಊರಾಚೆ, ರೈಲು ಹಳಿ ದಾಟಿ, ಮುಚ್ಚಿದ ಅಕ್ಕಿ ಗಿರಣಿಯ ಹಿಂದಿನ ತಗಡಿನ ಶೆಡ್ಡಿನಲ್ಲಿ. ಬೇಸಿಗೆಯಲ್ಲಿ ತಗಡಿನ ಕೆಳಗೆ ಕೂತರೆ ರೊಟ್ಟಿ ಸುಟ್ಟಂತೆ ಸುಡುತ್ತಿತ್ತು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಮಾನ್ವಿಯಿಂದ, ಕಲ್ಮಲದಿಂದ, ಗಿಲ್ಲೆಸುಗೂರಿನಿಂದ ಹುಡುಗಿಯರು ದಿನಾ ಬಂದುಹೋಗುವ ಹಾಗಾಯಿತು. ದೇವದುರ್ಗದ ಕಡೆಯ ಒಂದು ಹಳ್ಳಿಗೂ ಹೋಗಿ ಬಂದೆ. ಅಲ್ಲೊಬ್ಬ ಹುಡುಗಿ ಆರನೇ ತರಗತಿಗೆ ಓದು ನಿಲ್ಲಿಸಿ ಹತ್ತಿ ಬಿಡಿಸುತ್ತಿದ್ದಳು. ಮಾತಿಗೆ ಕೂತಾಗ ತಿಳಿಯಿತು, ಬಸ್ಸಿನ ಬೋರ್ಡು, ಗೊಬ್ಬರದ ಚೀಲ, ಔಷಧಿ ಡಬ್ಬಿ, ಕಣ್ಣಿಗೆ ಬಿದ್ದದ್ದನ್ನೆಲ್ಲ ಓದುವ ಹುಡುಗಿ. ಗಂಡನಿಲ್ಲದ ತಾಯಿ, ಒಬ್ಬಳೇ ಮಗಳು. ತಾಯಿಗೆ ಓದಿಸುವ ಆಸೆ ಇತ್ತು, ಭಯವೂ ಇತ್ತು.

"ಬಸ್ಸು ಪುಕ್ಕಟ ಅದ ಖರೆ, ಆಟೋ ಪುಕ್ಕಟ ಇಲ್ಲಲ್ರಿ ಅಕ್ಕಾರ. ಬಸ್ ಸ್ಟ್ಯಾಂಡಿನಿಂದ ನಿಮ್ಮ ಸಾಲಿಗೆ ಎರಡು ಆಟೋ ಬದಲಿ ಮಾಡ್ಬೇಕಂತ. ಆಟೋದಾಗ ಯಾರ ಬಾಜೂಕ ಕುಂದರತಾಳೋ ಏನೋ. ನಾ ಹೊಲದಾಗ ಇದ್ರೂ ಜೀವ ಅಲ್ಲೇ ಇರ್ತದ" ಎಂದಳು.

ಆ ಮಾತನ್ನು ಹಾಗೇ ಬಂದು ಗೆಳತಿಗೆ ಹೇಳಿದೆ. ಅಷ್ಟು ಹೊತ್ತಿಗೆ ಆಕೆ ಊರಿನ ದೊಡ್ಡ ಅಕ್ಕಿ ಗಿರಣಿ ಸಾಹುಕಾರರ ಸೊಸೆಯಾಗಿದ್ದಳು. ಬಸ್ ಸ್ಟ್ಯಾಂಡಿನ ಎದುರಿಗೆ ಮಾಲ್ ಕಟ್ಟಿಸಿದವರು ಅವರೇ. ಕೆಳಗೆ ಸೀರೆ ಅಂಗಡಿ, ಮೊಬೈಲ್ ಅಂಗಡಿ, ಮೇಲೆ ತಿನಿಸಿನ ಅಂಗಡಿಗಳು. ಮೂರನೇ ಮಹಡಿ ಮಾತ್ರ ಕಟ್ಟಿದಾಗಿನಿಂದ ಖಾಲಿ. "ತಡಿ ಬೇ, ಮಾವಾರಿಗೆ ಹೇಳ್ತೀನಿ" ಎಂದಳು ಗೆಳತಿ. ಹೇಳಿದಳು. ಸಾಹುಕಾರರು ಒಪ್ಪಿಯೂ ಬಿಟ್ಟರು. "ಅದು ಅಂಗಡಿಗಳಿಗಂತ ಪಾಸಾದ ಕಟ್ಟಡ. ಸಾಲಿ ನಡಸಾಕ ಬ್ಯಾರೆ ಪರ್ಮಿಷನ್ ಬೇಕಾಗ್ತದ. ಸಹಿ ನಾ ಮಾಡ್ತೀನಿ, ಓಡಾಟ ನೀವು ಮಾಡ್ರಿ" ಎಂದರು. ಓಡಾಡುವುದೊಂದೇ ನನಗೆ ಚೆನ್ನಾಗಿ ಬರುವ ವಿದ್ಯೆ.

ನಗರ ಯೋಜನೆಯ ಕಚೇರಿಯ ಮೆಟ್ಟಿಲು ಹತ್ತಿದೆ. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಸಾಹೇಬರು ಹೂಂ ಅಂದರೂ ಗುಮಾಸ್ತರು ಒಂದೊಂದೇ ತೊಡಕು ತೆಗೆಯುತ್ತಿದ್ದರು. ಬೆಂಕಿ ಬಿದ್ದರೆ ಇಳಿಯಲು ಬೇರೆ ಮೆಟ್ಟಿಲು ಇದೆಯೇ? ಕಟ್ಟಡದಲ್ಲಿ ಬಾರ್ ಇದೆಯೇ? ಹುಡುಗಿಯರಿಗೆ ಬೇರೆ ಶೌಚಾಲಯ? ಇದೆ ಸರ್, ಹಳ್ಳಿ ಶಾಲೆಗಳಲ್ಲಿ ಅದಿಲ್ಲದ್ದಕ್ಕೇ ಎಷ್ಟೋ ಹುಡುಗಿಯರು ಓದು ಬಿಟ್ಟದ್ದು ಎಂದೆ. ಅಧಿಕಾರಿ ಒಳ್ಳೆಯ ಮನುಷ್ಯ. "ಶಾಲೆ ಅಂದ್ರೆ ಮೈದಾನ ಬೇಕಲ್ಲಮ್ಮಾ" ಎಂದು ಕನ್ನಡಕ ತೆಗೆದಿಟ್ಟರು. "ನಮ್ಮ ಹುಡುಗಿಯರು ಬಯಲಿನಲ್ಲೇ ಬೆನ್ನು ಬಾಗಿಸಿ ಬಂದವರು ಸರ್, ಅವರಿಗೆ ಬೇಕಾದದ್ದು ನೆರಳು" ಎಂದೆ. ಅವರು ನಕ್ಕರು. ಆದರೆ ಮಾಲ್‌ನ ಅಂಗಡಿಯವರ ಆಕ್ಷೇಪಣೆ ಕೇಳದೆ ಏನೂ ಮಾಡಲು ಬರುವುದಿಲ್ಲ ಎಂದರು.

ಅಂಗಡಿ ಅಂಗಡಿ ಸುತ್ತಿದೆ. ಸೀರೆ ಅಂಗಡಿಯವರು ಕೂರಿಸಿ ಮಾತಾಡಿಸಿದರು. "ಹ್ವಾದ ವರ್ಷ ಸಾಹುಕಾರ್ರು ಕೋಚಿಂಗ್ ಸೆಂಟರ್ ತರ್ತೀನಂದಾಗ ನಾವೆಲ್ಲಾ ಕೂಡಿ ಬ್ಯಾಡ ಅಂದಿದ್ವಿರಿ. ನೂರಾರು ಹುಡುಗ್ರು, ನೂರಾರು ಗಾಡಿ, ಗಿರಾಕಿಗೆ ಲಿಫ್ಟೂ ಸಿಗಂಗಿಲ್ಲ. ನಿಮ್ಮವು ಬಡ ಹೆಣ್ಣುಮಕ್ಕಳು, ಬಸ್ಸಿನಾಗ ಬರ್ತಾವ, ಬಸ್ಸಿನಾಗ ಹೋಗ್ತಾವ. ನಿಮ್ಮ ಮಾರಿ ನೋಡಿ ಹೂಂ ಅಂತೀವಿ" ಎಂದರು. ನನ್ನ ಮುಖಕ್ಕೆ ಇಷ್ಟು ಬೆಲೆ ಇದೆಯಲ್ಲ ಎಂದು ಉಬ್ಬಿ ಮನೆಗೆ ಬಂದೆ.

ಆಕ್ಷೇಪಣೆ ಕೇಳುವ ದಿನ ಬಂತು. "ನಮ್ಮ ಮಾತಿಗಿಂತ ತಾಯಂದಿರ ಮಾತಿಗೆ ತೂಕ ಜಾಸ್ತಿ, ದೇವದುರ್ಗದಾಕಿನ್ನ ಕರಕೊಂಡು ಬಾ" ಎಂದಳು ಗೆಳತಿ. ಕರೆತಂದೆ. ಆ ತಾಯಿ ಕೂಲಿ ಬಿಟ್ಟು, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಬಂದಿದ್ದಳು. ಕಚೇರಿಯ ಉದ್ದನೆಯ ಮೇಜಿನ ಮುಂದೆ ಕುರ್ಚಿ ತೋರಿಸಿದರೂ ಕೂರಲಿಲ್ಲ. ಸೆರಗು ಬಿಗಿಯಾಗಿ ಹಿಡಿದು ನಿಂತೇ ಹೇಳಿದಳು: "ಸಾಹೇಬ್ರ, ನಾ ಓದಿದಾಕಿ ಅಲ್ಲ. ನನ್ನ ಮಗಳು ಬಸ್ ಇಳದು ಒಂದು ರಸ್ತಾ ದಾಟಿದ್ರ ಸಾಕು, ಸಾಲಿ. ದಾಟೂದು ಕಂಡಕ್ಟರ್‌ಗೂ ಕಾಣ್ತದ, ಪೊಲೀಸ್ರಿಗೂ ಕಾಣ್ತದ. ಇದಕ್ಕಿಂತ ಹೆಚ್ಚಿಗಿ ನಾ ಏನೂ ಕೇಳಂಗಿಲ್ರಿ." ಅಂಗಡಿಯವರಲ್ಲಿ ಒಬ್ಬರೂ ಎದ್ದು ಬೇಡ ಅನ್ನಲಿಲ್ಲ. ನನಗೆ ಅಳು ಬಂದಿತ್ತು. ಗೆಳತಿ ನನ್ನ ಕೈ ಹಿಡಿದುಕೊಂಡಿದ್ದಳು.

ಅಲ್ಲಿಂದ ಗೆಳತಿ ನಮ್ಮಿಬ್ಬರನ್ನೂ ತನ್ನ ಮನೆಗೆ ಕರೆದೊಯ್ದಳು. ಊಟವಾದ ಮೇಲೆ ಆ ತಾಯಿಯನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬಿದಳು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಎಲೆ ಅಡಿಕೆ, ಕುಪ್ಪಸದ ಬಟ್ಟೆ, ಒಂದೂ ಕಡಿಮೆ ಇರಲಿಲ್ಲ. ಗಂಡ ಸತ್ತವಳಿಗೆ ನಮ್ಮ ಕಡೆ ಯಾರೂ ಉಡಿ ತುಂಬುವುದಿಲ್ಲ, ಅದರಲ್ಲೂ ಅಂಥ ಮನೆಯಲ್ಲಿ, ನಮ್ಮಂಥವರಿಗೆ. ಆ ತಾಯಿ ಸೆರಗನ್ನು ಎರಡೂ ಕೈಯಲ್ಲಿ ಅಗಲಿಸಿ ಒಡ್ಡಿದಳು. ಉಡಿ ತುಂಬಿದ ಮನೆ ತವರುಮನೆ ಇದ್ದಂತೆ, ತವರಿನವರು ಕೊಟ್ಟ ಮಾತು ತಪ್ಪುವುದಿಲ್ಲ ಎಂದು ನಂಬಿ ಬೆಳೆದವರು ನಾವು. ಬಾಡಿಗೆಯ ಕರಾರು ಬರೆಸಿಕೊಳ್ಳಬೇಕು ಎಂದು ಮನೆಯಿಂದ ಹೊರಡುವಾಗಲೇ ಅಂದುಕೊಂಡು ಬಂದಿದ್ದೆ. ಬಾಯಿ ತೆರೆದರೆ ಆ ಉಡಿಗೆ ಅವಮಾನವಾದೀತೆಂದು ಸುಮ್ಮನಾದೆ.

ಅನುಮತಿ ಬಂತು. ಸಾಹುಕಾರರು ಕಚೇರಿಗೆಲ್ಲ ಪೇಢೆ ಹಂಚಿದರು. ಬಣ್ಣ ಹೊಡೆದು ಮುಗಿಯಲಿ, ದಸರೆ ದಾಟಲಿ ಎಂದರು. ಒಂದು ದಿನ ಹುಡುಗಿಯರನ್ನು ಜಾಗ ತೋರಿಸಲು ಕರೆದೊಯ್ದೆ. ದೇವದುರ್ಗದ ಹುಡುಗಿಯನ್ನೂ ಕರೆಸಿಕೊಂಡಿದ್ದೆ. ತಾನೇ ಏರುವ ಮೆಟ್ಟಿಲಿನ ಮುಂದೆ ಎಲ್ಲರೂ ಸಾಲಾಗಿ ನಿಂತುಬಿಟ್ಟರು, ಯಾರೂ ಕಾಲಿಡಲೊಲ್ಲರು. ದೇವದುರ್ಗದ ಹುಡುಗಿ ಲಂಗ ಎತ್ತಿ ಹಿಡಿದು ಹೊಲದ ಕಾಲುವೆ ಹಾರುವ ಹಾಗೆ ಹಾರಿದಳು. ಮೇಲೆ ಹೋದ ಮೇಲೆ ಕಿಟಕಿಯ ಗಾಜಿಗೆ ಮೂಗು ಒತ್ತಿ, ಕೆಳಗೆ ನಿಂತ ಬಸ್ಸುಗಳ ಬೋರ್ಡು ಒಂದೊಂದಾಗಿ ಓದಿದಳು. ಆ ವಾರವೇ ನಾನು ಅವಳ ಹಳ್ಳಿಗೆ ಹೋಗಿ ದಸರೆಯ ನಂತರ ಕಳಿಸಿಕೊಡು ಎಂದು ಹೇಳಿ ಬಂದೆ. ಹತ್ತಿ ಬಿಡಿಸುವ ಆಳುಗಳನ್ನು ಗುಂಪು ಕಟ್ಟುವ ಮೇಸ್ತ್ರಿಗೆ, ಈ ಸಲ ಮಗಳು ಬರುವುದಿಲ್ಲ ಎಂದು ತಾಯಿ ನನ್ನೆದುರೇ ಹೇಳಿದಳು.

ದಸರೆ ಕಳೆದು ನಾನು ಕಪ್ಪು ಹಲಗೆಗಳನ್ನು ಆಟೋದಲ್ಲಿ ಹೇರಿಕೊಂಡು ಮಾಲ್‌ಗೆ ಹೋದೆ. ಗೇಟಿನ ಮೇಲೆ ಎರಡಾಳೆತ್ತರದ ಬ್ಯಾನರ್. ಡಾಕ್ಟರು ಎಂಜಿನಿಯರು ಮಾಡಿಸುವ ಕೋಚಿಂಗ್ ಸೆಂಟರಿನದು. ಅದರಲ್ಲಿ ನನ್ನ ಗೆಳತಿಯ ಫೋಟೊ, ಕೆಳಗೆ ನಿರ್ದೇಶಕಿ ಎಂದು. ಅದರ ಕೆಳಗೆ ದಪ್ಪ ಅಕ್ಷರದಲ್ಲಿ: "ಬಸ್ಸು ಇಳಿದು ರಸ್ತೆ ದಾಟಿದರೆ ಸಾಕು. ನಿಮ್ಮ ಮಗಳು ಸುರಕ್ಷಿತ." ನಾನು ಅದನ್ನು ಎರಡೆರಡು ಸಲ ಓದಿದೆ. ಆಟೋದವನು ಹಲಗೆ ಇಳಿಸಲೋ ಬೇಡವೋ ಎಂದು ಕೇಳುತ್ತಲೇ ಇದ್ದ.

ಮೂರನೇ ಮಹಡಿ ಗಾಜಿನ ಕೋಣೆಗಳಾಗಿ ಹೋಗಿತ್ತು. ಅದರಲ್ಲೊಂದರಲ್ಲಿ ಗೆಳತಿ ಕೂತಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು, ನೀರು ಕೊಟ್ಟಳು. ನಾನು ಕುಡಿಯಲಿಲ್ಲ.

"ಏನ್ ಬೇ ಇದು?" ಎಂದೆ.

"ನನ್ನ ಕೈಯಾಗ ಏನದ ಹೇಳು. ಮಾವಾರು ಮಾತು ಆಡಿ ಮುಗಿಸಿದ್ರು. ಹೈದರಾಬಾದಿನಿಂದ ಪಾರ್ಟಿ ಬಂದಿತ್ತು."

"ಪರ್ಮಿಷನ್ ನಮ್ಮ ಸಾಲಿಗೆ ಸಿಕ್ಕಿದ್ದಲ್ಲ?"

"ಪರ್ಮಿಷನ್ ಸಾಲಿಗಲ್ಲ, ಕಟ್ಟಡಕ್ಕ. ಕೋಚಿಂಗ್ ಸೈತ ಶಿಕ್ಷಣನ ಅಲ್ಲೇನು?" ಎಂದಳು. ಯಾರೋ ಕಲಿಸಿಕೊಟ್ಟ ಮಾತೆಂದು ಕೇಳಿದರೇ ತಿಳಿಯುತ್ತಿತ್ತು. ಆಮೇಲೆ ದನಿ ತಗ್ಗಿಸಿ, "ಕೆಳಗ ಪಾರ್ಕಿಂಗ್ ಬಾಜೂಕ ಒಂದು ಖೋಲಿ ಅದ. ಸಂಜಿಗೆ ಅಲ್ಲಿ ಕುಂದರಸು ನಿನ್ನ ಹುಡುಗ್ಯಾರನ್ನ" ಎಂದಳು.

ಸಂಜೆಗೆ! ಸಂಜೆ ದೇವದುರ್ಗಕ್ಕೆ ಹೋಗುವ ಬಸ್ಸು ಹಿಡಿಯುವ ಹೆಣ್ಣುಮಕ್ಕಳು, ಸಂಜೆ ಬಂದು ಪೆಟ್ರೋಲ್ ವಾಸನೆಯಲ್ಲಿ ಓದಬೇಕಂತೆ. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡಿದೆ ನೀನು ಎಂದು ಕೂಗಾಡಿದೆ. ಗಾಜಿನಾಚೆ ಕೂತ ಮಕ್ಕಳೆಲ್ಲ ತಿರುಗಿ ನೋಡಿದರು. ಕೊನೆಗೆ ಒಂದು ಮಾತು ಕೇಳಿದೆ: "ಮೊದಲಿಂದ ಗೊತ್ತಿತ್ತೇನು ನಿನಗ?"

"ಮೊದಲಿಂದ ಇಲ್ಲ, ದೇವರಾಣಿ. ಆಕಿಗೆ ಉಡಿ ತುಂಬಿದ್ವಲ್ಲ, ಅವತ್ತು ಮುಂಜಾನಿ ಗೊತ್ತಾತು."

"ಗೊತ್ತಿದ್ದೂ ತುಂಬಿದಿ?"

"ಮನಸಿಗೆ ಕೆಟ್ಟನಿಸ್ತು. ಅದಕ್ಕ ತುಂಬಿದೆ."

ಆಕೆ ಸುಳ್ಳು ಹೇಳಿದ್ದರೆ ನಾನು ಇನ್ನಷ್ಟು ಜಗಳವಾಡಿ ಹಗುರಾಗುತ್ತಿದ್ದೆ. ಇಪ್ಪತ್ತು ವರ್ಷ ಆಕೆಯ ಮನೆಯಲ್ಲಿ ನಾನು ಉಂಡದ್ದರಲ್ಲಿ ಪ್ರೀತಿಯದು ಎಷ್ಟು, ಇಂಥ ಕೆಟ್ಟನಿಸಿಕೆಯದು ಎಷ್ಟು ಎಂದು ಈಗಲೂ ಲೆಕ್ಕ ಹತ್ತಿಲ್ಲ. ಮೆಟ್ಟಿಲಿಳಿದು ಬರುವಾಗ ಸೀರೆ ಅಂಗಡಿಯವರು ಅಡ್ಡ ನಿಂತರು. "ಅಕ್ಕಾರ, ಬಡ ಮಕ್ಕಳನ್ನ ಮುಂದ ಮಾಡಿ ನಮಗ ಟೋಪಿ ಹಾಕಿದ್ರಲ್ರಿ. ನಿಮಗೆಷ್ಟು ಪಾಲು?" ಎಂದರು. ನಾನೂ ಮೋಸ ಹೋದವಳು ಎಂದೆ. ಅವರು ನಂಬಲಿಲ್ಲ, ನಾನು ಅವರ ಜಾಗದಲ್ಲಿದ್ದರೂ ನಂಬುತ್ತಿರಲಿಲ್ಲ. ಕಚೇರಿಗೂ ಹೋದೆ. ಅಧಿಕಾರಿ ಬೇಸರಪಟ್ಟುಕೊಂಡರು. ಅರ್ಜಿ ಮಾಲೀಕರದು, ಉದ್ದೇಶ ಶಿಕ್ಷಣ, ಅದರೊಳಗೆ ಯಾವ ಶಾಲೆ ಎಂದು ಕೇಳಲು ನಮಗೆ ಬರುವುದಿಲ್ಲಮ್ಮಾ ಎಂದರು.

ದೇವದುರ್ಗಕ್ಕೆ ಹೋಗದೆ ಕೆಲವು ದಿನ ತಪ್ಪಿಸಿಕೊಂಡೆ. ಆದರೆ ಆ ತಾಯಿ ಮೇಸ್ತ್ರಿಯನ್ನು ವಾಪಸು ಕಳಿಸಿ ಮಗಳನ್ನು ಮನೆಯಲ್ಲಿ ಕೂರಿಸಿಕೊಂಡಿದ್ದಳು, ಹೋಗಲೇಬೇಕಿತ್ತು. ಹೋದಾಗ ಹುಡುಗಿ ಹೊಸ ಚೀಲವನ್ನು ಹೆಗಲಿಗೆ ಏರಿಸಿ ಪಟ್ಟಿ ಉದ್ದ ಗಿಡ್ಡ ಮಾಡಿ ನೋಡುತ್ತಿದ್ದಳು. ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಏನನ್ನೂ ಬಚ್ಚಿಡಲಿಲ್ಲ, ಬ್ಯಾನರಿನ ಮಾತನ್ನೂ ಹೇಳಿದೆ.

"ಅಂದ್ರ ನಾ ಆಫೀಸಿನ್ಯಾಗ ನಿಂತು ಮಾತಾಡಿದ್ದು ದೊಡ್ಡೋರ ಮಕ್ಕಳ ಸಾಲಿಗೇನ್ರಿ?" ಎಂದಳು ತಾಯಿ.

"ಹೌದವ್ವಾ. ನನಗೂ ಗೊತ್ತಿರಲಿಲ್ಲ. ಆಕಿ ನನಗೂ ಮೋಸ ಮಾಡಿದ್ಲು."

"ಆಕಿ ಯಾರಂತ ನನಗೇನ್ ಗೊತ್ರಿ ಅಕ್ಕಾರ? ನಾ ಆಕಿನ್ನ ನಂಬಲಿಲ್ಲ. ನಿಮ್ಮನ್ನ ನಂಬಿದೆ. ನೀವು ನಮ್ಮಾಕಿ ಅಂತ."

ಹುಡುಗಿ ಚೀಲ ಇಳಿಸಿ ಗೂಟಕ್ಕೆ ತೂಗುಹಾಕಿದಳು. ಹಳೆಯ ಶೆಡ್ಡಿಗೆ ನಾನೇ ಆಟೋದಲ್ಲಿ ಕರೆದೊಯ್ಯುತ್ತೇನೆ, ನಾನೇ ಕರೆತಂದು ಬಸ್ಸು ಹತ್ತಿಸುತ್ತೇನೆ ಎಂದೆ. ತಾಯಿ ಮಗಳ ಕಡೆ ತಿರುಗಿ, "ಹೋಗು, ಮೇಸ್ತ್ರಿ ಮನ್ಯಾಗ ಇದ್ರ ಕೇಳಿ ಬಾ, ಟಂಟಂ ಗಾಡ್ಯಾಗ ಇನ್ನೊಬ್ಬರಿಗೆ ಜಾಗ ಅದ ಏನಂತ" ಎಂದಳು. ಹುಡುಗಿ ನನ್ನ ಪಕ್ಕದಿಂದಲೇ ಹಾದು ಹೋದಳು, ಮುಖ ಎತ್ತಲಿಲ್ಲ.

ನಾನು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ. ಆ ಮನೆಗೆ ಹೋದಾಗಲೆಲ್ಲ ಚಹಾ ಕುಡಿಸದೆ ಕಳಿಸಿದವರಲ್ಲ ಅವರು, ಹಾಲಿಲ್ಲದಿದ್ದರೆ ಪಕ್ಕದ ಮನೆಯಿಂದ ತಂದಾದರೂ ಮಾಡುತ್ತಿದ್ದರು. ಅವತ್ತು ತಾಯಿ ಒಳಗೆ ಹೋಗಿ ಕೆಲಸಕ್ಕೆ ಹತ್ತಿದಳು. ಕೂತುಕೊಳ್ರಿ ಎಂದೂ ಅನ್ನಲಿಲ್ಲ.