ರಕ್ತ ಕೊಟ್ಟ ಮನೆಯ ಮದುವೆ

ಗೆಳೆಯರೇ, ಇಂದು ಕಣಗಲಾ ಊರಿನ ಗಂಗವ್ವ ಕಿರಿಯ ಮಗಳ ಮದುವೆಗೆ ಕರೆಯಲು ಬಂದಿದ್ದರು. ವರ ಹುಡುಗಿಯ ಸೋದರಮಾವ. ತಾವೂ ಸೋದರಮಾವನನ್ನೇ ಮದುವೆಯಾದ ಗಂಗವ್ವನ ಹಿರಿಯ ಮಕ್ಕಳಿಬ್ಬರೂ ಹುಟ್ಟುಕಿವುಡರು. ತಳಿವಿಜ್ಞಾನಿಯಾದ ನನ್ನ ಪತಿ ಹಿಂದೆ ಈ ಕಿವುಡಿನ ಕಾರಣ ಹುಡುಕಲು ಆ ಮನೆಯವರ ರಕ್ತ ಪರೀಕ್ಷಿಸಿ, ವಿದೇಶಿ ಸಹೋದ್ಯೋಗಿಗಳೊಂದಿಗೆ ಪ್ರಬಂಧ ಬರೆದಿದ್ದರು.

"ನಿಮ್ಮ ಮನ್ಯಾಗ ಇನ್ನ ಒಳಗಿನ ಸಂಬಂಧ ಬ್ಯಾಡ ಅಂತ ಆ ಪ್ರಬಂಧದಾಗ ಬರದೇನಲ್ಲ ಗಂಗವ್ವಾ!" ಎಂದರು ಇವರು.

"ನಮಗ್ಯಾರು ಹೇಳಿದ್ರಿ ಸಾಹೇಬ್ರ? ರಕ್ತಾ ತಗೊಂಡು ಹೋದವ್ರು ತಿರುಗಿ ಬರಲಿಲ್ಲ. ಏನೂ ದೋಷ ಇಲ್ಲ ಅಂತ ತಿಳ್ಕೊಂಡು ಹುಡುಗೀನ ನನ್ನ ತಮ್ಮಗ ಕೊಡಾಕ ಒಪ್ಪಿದ್ವಿ."

"ಈಗರೆ ಈ ಮದುವಿ ಬಿಡಿಸ್ರಿ," ಎಂದೆ ನಾನು.

"ಸಂಕೇಶ್ವರದ ಮಂದಿಗೂ ಕಾರ್ಡ್ ಕೊಟ್ಟೇವ್ರಿ ಅಕ್ಕಾರ. ನಾಳಿ ಅರಿಷಿಣ."

ಆ ಪ್ರಬಂಧವನ್ನು ಜಪಾನಿನವರೂ ಉಲ್ಲೇಖಿಸಿದ್ದಾರೆ. ಅಲ್ಲಿ ಯಾರೂ ಸೋದರಮಾವನನ್ನು ಮದುವೆಯಾಗುವುದಿಲ್ಲ.